ಮೊದಲ ಮ್ಯಾಚಿಗೇ ಇಷ್ಟೊಂದು ರಗಳೆ!

ಬೇಸ್‌ಬಾಲ್ ಸೀಸನ್ ಶುರುವಾದ ದಿನ ನಮ್ಮ ಶಿಕಾಗೋ ಆಫೀಸಿನಲ್ಲಿ ಕೂರುವುದೇ ಕಷ್ಟ. ಒಂದೊಂದು ತಂಡಕ್ಕೂ 162 ಪಂದ್ಯ ಇವೆ ಮಾರಾಯ್ರೇ! ಮೊದಲನೆಯದು ಸೋತರೆ ‘ಈ ವರ್ಷ ಮುಗೀತು, ಮ್ಯಾನೇಜರನ್ನು ಓಡಿಸಿ’ ಅಂತ ಗೋಳು. ಗೆದ್ದರೆ ಆಗಲೇ ವರ್ಲ್ಡ್ ಸೀರೀಸ್ (ಸೀಸನ್ನಿನ ಕೊನೆಯ ಫೈನಲ್) ಟಿಕೆಟ್ಟಿನ ಲೆಕ್ಕಾಚಾರ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದ್ರೆ ಇದೇ ಅಲ್ವಾ?

1994ರ ಸೀಸನ್ನಿನ ಮೊದಲ ದಿನ ನಮ್ಮ ಶಿಕಾಗೋದ ಕಬ್ಸ್ ತಂಡದ ಟಫಿ ರೋಡ್ಸ್ 3 ಹೋಮ್ ರನ್ (ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ) ಬಾರಿಸಿದರು. ಪಂದ್ಯ ಸೋತರು, ಅದು ಬೇರೆ ಮಾತು. ಇಡೀ ಸೀಸನ್ನಿಗೆ ಅವರು ಹೊಡೆದದ್ದು ಬರೀ 8. ಇನ್ನು ಶಿಕಾಗೋದ ಇನ್ನೊಂದು ತಂಡ ವೈಟ್ ಸಾಕ್ಸ್? 2024ರಲ್ಲಿ 121 ಪಂದ್ಯ ಸೋತು, ಮರುವರ್ಷ ಮೊದಲ ದಿನ 8-1ರಿಂದ ಗೆದ್ದರು. ಕುಣಿದಿದ್ದೇ ಕುಣಿದಿದ್ದು. ಆಮೇಲೆ ಮತ್ತೆ 102 ಸೋಲು.

ಇದನ್ನು ಹೇಳಿದರೆ ‘ನಿಂಗೆ ಬೇಸ್‌ಬಾಲ್ ಅರ್ಥ ಆಗಲ್ಲ’ ಅನ್ನುತ್ತಾರೆ. ಏಪ್ರಿಲ್ ಮುಗಿಯುವವರೆಗಾದರೂ ಸುಮ್ನಿರಿ ಸ್ವಾಮಿ, ನನಗೆ ಕೆಲಸ ಇದೆ.