ಮೈಟೊಕಾಂಡ್ರಿಯಾ ರೋಗಗಳಿಗೆ ಯೀಸ್ಟ್ ಕನ್ನಡಿಯಾದೀತೇ?

ಪರ

ಖಂಡಿತ ಆದೀತು. ಉಸಿರಾಟದಿಂದ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇದೆ; ಅದು ಪೂರ್ತಿ ಹೋದರೂ ಬೇಕರಿ ಯೀಸ್ಟ್ ಸಾಯುವುದಿಲ್ಲ. ಉಸಿರಾಟ ನಿಂತರೆ ಸಕ್ಕರೆಯನ್ನು ಹುದುಗಿಸಿಕೊಂಡು ಬದುಕುತ್ತದೆ, ಕಾಲೋನಿ, ಅಂದರೆ ಒಂದೆಡೆ ಬೆಳೆದ ಜೀವಕೋಶಗಳ ಗುಂಪು, ಮಾತ್ರ ಸಣ್ಣದಾಗುತ್ತದೆ. 1949ರಲ್ಲಿ ಬೋರಿಸ್ ಎಫ್ರುಸಿ ಮತ್ತು ಸಂಗಡಿಗರು ಪ್ಯಾರಿಸ್‌ನಲ್ಲಿ ವಿವರಿಸಿದ ‘ಪೆಟೀಟ್’, ಅಂದರೆ ಪುಟ್ಟ, ಕಾಲೋನಿಗಳು ಇವೇ. ಡಿಎನ್‌ಎ ಕಾಯುವ ಪ್ರೋಟೀನನ್ನು ಕೆಡಿಸಿ ಏನಾಯಿತೆಂದು ನೋಡಲು, ಕೆಟ್ಟ ಮೇಲೂ ಬದುಕಿರುವ ಜೀವಿ ಬೇಕು.

ಎಂಎಸ್ಸಿ ಓದುವಾಗ ನಾನು ಯೀಸ್ಟ್ ಬೆಳೆಸಿದ್ದ ತಟ್ಟೆಯಲ್ಲಿ ಕೆಂಪು ಕಾಲೋನಿಗಳ ನಡುವೆ ಏಳೆಂಟು ಪುಟ್ಟ ಬಿಳಿ ಚುಕ್ಕೆಗಳು ಎದ್ದಿದ್ದವು. ಬೇರಾವುದೋ ಸೂಕ್ಷ್ಮಜೀವಿ ಸೇರಿಕೊಂಡಿದೆ ಎಂದುಕೊಂಡು ಎಸೆಯಲು ಹೊರಟಿದ್ದೆ. ನಮ್ಮ ಮೇಡಂ ತಡೆದು, “ಗ್ಲಿಸರಾಲ್ ತಟ್ಟೆಗೆ ಅಚ್ಚೊತ್ತಿ ನೋಡು” ಎಂದರು. ಗ್ಲಿಸರಾಲನ್ನು ಹುದುಗಿಸಲು ಬಾರದು, ಉಸಿರಾಡಿಯೇ ಉಣ್ಣಬೇಕು. ಮೂರು ದಿನ ಕಾದರೂ ಬಿಳಿಯವುಗಳಲ್ಲಿ ಒಂದೂ ಬೆಳೆಯಲಿಲ್ಲ. ಆ ತಳಿಯಲ್ಲಿ ಎಡಿಇ2 ಜೀನ್ ಕೆಟ್ಟಿದ್ದರಿಂದ ಕೆಂಪು ಬಣ್ಣ ಕೂಡುತ್ತಿತ್ತು. ಉಸಿರಾಟ ಹೋದ ಜೀವಕೋಶಗಳಲ್ಲಿ ಆ ಬಣ್ಣ ಕೂಡಲೇ ಇಲ್ಲ. ಕಣ್ಣಿಗೆ ಕಾಣದ ಡಿಎನ್‌ಎ ನಷ್ಟ ಬರಿಗಣ್ಣಿಗೆ ಕಂಡ ಆ ಬೆಳಗ್ಗೆಯಿಂದ ನಾನು ಯೀಸ್ಟನ್ನು ಬಿಟ್ಟಿಲ್ಲ.

ಯೀಸ್ಟಿನ ಮೈಟೊಕಾಂಡ್ರಿಯಾದಲ್ಲಿ ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಮಿಪ್1. ನಮ್ಮಲ್ಲಿ ಆ ಕೆಲಸ ಪೋಲ್‌ಜಿಯದು. ಪೋಲ್‌ಜಿ ಕೆಟ್ಟರೆ ಮಕ್ಕಳಿಗೆ ಮಿದುಳು, ಯಕೃತ್ತನ್ನು ಕೆಡಿಸುವ ಆಲ್ಪರ್ಸ್ ಕಾಯಿಲೆ ಬರಬಹುದು, ದೊಡ್ಡವರಿಗೆ ಕಣ್ಣಿನ ಸ್ನಾಯುಗಳು ಸೋಲಬಹುದು. ರೋಗಿಯಲ್ಲಿ ಕಂಡ ಬದಲಾವಣೆಯನ್ನು ಮಿಪ್1ರ ಅದೇ ಜಾಗದಲ್ಲಿ ಮಾಡಿ, ಎಷ್ಟು ಪೆಟೀಟ್ ಹುಟ್ಟುತ್ತವೆ ಎಂದು ಎಣಿಸಿದರೆ ಅದು ನಿಜವಾಗಿ ಹಾನಿಕರವೇ ಎಂಬುದಕ್ಕೆ ಉತ್ತರ ಸಿಗುತ್ತದೆ. ಜೀವಕೋಶದಲ್ಲಿ ಡಿಎನ್‌ಎಯ ಕಚ್ಚಾವಸ್ತುವನ್ನು ಹೆಚ್ಚಿಸಿದರೆ ಕೆಲವು ಮಿಪ್1 ದೋಷಗಳು ತಗ್ಗುತ್ತವೆ ಎಂಬುದೂ ಹೀಗೆಯೇ ತಿಳಿದದ್ದು. ಇನ್ನು ಎಬಿಎಫ್2: ಡಿಎನ್‌ಎಯನ್ನು ಸುತ್ತಿ ಅಡಕಗೊಳಿಸುವ ಪ್ರೋಟೀನ್. ಅದಿಲ್ಲದ ಯೀಸ್ಟಿಗೆ ಮನುಷ್ಯರಲ್ಲಿರುವ ಅದೇ ಬಗೆಯ ಪ್ರೋಟೀನ್ ಟಿಎಫ್‌ಎಎಂ ಕೊಟ್ಟರೆ ಅದು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಇದು 1993ರಲ್ಲೇ ಸಾಬೀತಾಗಿದೆ. ಮನುಷ್ಯನ ಬಿಡಿಭಾಗ ಯೀಸ್ಟಿಗೆ ಹೊಂದುತ್ತದೆ ಎಂದ ಮೇಲೆ ಇನ್ನೇನು ಪುರಾವೆ ಬೇಕು?

ಯೀಸ್ಟಿಗೆ ಮಿದುಳಿಲ್ಲ, ಯಕೃತ್ತಿಲ್ಲ ಎಂದು ಆಕ್ಷೇಪಿಸುತ್ತಾರೆ. ಪ್ರನಾಳಕ್ಕೂ ಅವಿಲ್ಲ. ಹಾಗೆಂದು ಪ್ರಯೋಗಾಲಯಗಳನ್ನು ಮುಚ್ಚಿಬಿಡುವುದೇ?

ವಿರೋಧ

ಈ ಪಕ್ಷದಲ್ಲಿ ನಿಂತು ಬರೆಯಲು ನನ್ನನ್ನು ಕೇಳಿದ್ದಾರೆ. ಮಿಪ್1ರಿಂದ ನಾವು ಕಲಿತದ್ದನ್ನು ಅಲ್ಲಗಳೆಯಲಾರೆ. ಆದರೂ ಕನ್ನಡಿ ಎಂಬ ಮಾತು ಹೆಚ್ಚಾಯಿತು.

ಮನುಷ್ಯರ ಮೈಟೊಕಾಂಡ್ರಿಯಾ ಡಿಎನ್‌ಎ 16,569 ಅಕ್ಷರಗಳಷ್ಟು ಉದ್ದ. ಯೀಸ್ಟಿನದು ಸುಮಾರು 85 ಸಾವಿರ. ಮಿಪ್1 ಒಂಟಿಯಾಗಿ ದುಡಿಯುತ್ತದೆ, ಪೋಲ್‌ಜಿಗೆ ಸಹಾಯಕ ಪ್ರೋಟೀನಿನ ಜೋಡಿಯೊಂದು ಬೇಕು. ಯೀಸ್ಟಿನಲ್ಲಿ ಡಿಎನ್‌ಎ ತುಂಡುಗಳು ಒಂದಕ್ಕೊಂದು ಧಾರಾಳವಾಗಿ ಬೆಸೆದುಕೊಳ್ಳುತ್ತವೆ; ಎಂಎಚ್‌ಆರ್1, ಎಂಜಿಎಂ101ರಂಥ ಪ್ರೋಟೀನುಗಳು ಆ ಬೆಸುಗೆಗೆಂದೇ ಇವೆ. ನಮ್ಮಲ್ಲಿ ಅಂಥ ಬೆಸುಗೆ ಬಲು ಅಪರೂಪ.

ಪರವಾದಿ ಮುಟ್ಟದೆ ಬಿಟ್ಟ ಸಂಗತಿಯೊಂದಿದೆ. ರೋಗಿಯ ಒಂದೇ ಜೀವಕೋಶದಲ್ಲಿ ಒಳ್ಳೆಯ ಡಿಎನ್‌ಎ, ಕೆಟ್ಟ ಡಿಎನ್‌ಎ ಎರಡೂ ವರ್ಷಗಟ್ಟಲೆ ಬೆರೆತಿರುತ್ತವೆ. ಕೆಟ್ಟದ್ದರ ಪಾಲು ಮಿತಿ ಮೀರಿದಾಗಲೇ ರೋಗ ತಲೆಯೆತ್ತುವುದು. ಯೀಸ್ಟಿನಲ್ಲಾದರೋ ಸುಮಾರು ಇಪ್ಪತ್ತು ತಲೆಮಾರುಗಳೊಳಗೆ ಎರಡೂ ಬೇರೆಯಾಗಿ, ಒಂದು ಕೋಶಕ್ಕೆ ಒಂದೇ ಬಗೆ ಉಳಿಯುತ್ತದೆ. ಕೆಂಪು ಇಲ್ಲವೇ ಬಿಳಿ ಎನ್ನುವ ಆ ತಟ್ಟೆ ನೋಡಲು ಚೆಂದ. ರೋಗಿ ನಡುವಿನ ಬಣ್ಣದಲ್ಲಿರುತ್ತಾನೆ.

ಕೊನೆಯದಾಗಿ, ನಮ್ಮ ಡಿಎನ್‌ಎಯ ಎಳೆಗಳನ್ನು ಬಿಡಿಸುವ ಹೆಲಿಕೇಸಿನ ಹೆಸರು ಟ್ವಿಂಕಲ್. ಅದು ಕೆಟ್ಟರೂ ಕಣ್ಣುರೆಪ್ಪೆ ಜೋತುಬೀಳುತ್ತದೆ, ಸ್ನಾಯುಗಳು ಸೋಲುತ್ತವೆ. ಯೀಸ್ಟಿನಲ್ಲಿ ಪಿಫ್1, ಎಚ್‌ಎಂಐ1 ಎಂಬ ಬೇರೆ ಹೆಲಿಕೇಸುಗಳಿವೆ; ಟ್ವಿಂಕಲ್ ಇಲ್ಲವೇ ಇಲ್ಲ. ಆ ರೋಗಿಯ ದೋಷವನ್ನು ಯೀಸ್ಟಿನ ಯಾವ ಪ್ರೋಟೀನಿನ, ಯಾವ ಜಾಗದಲ್ಲಿ ಕೂರಿಸಿ ನೋಡುವುದು?