ಲೋಕಸಭೆಗೆ ನಿಂತವರನ್ನು ಕೇಳಬೇಕಾದ್ದು ಊರಿನ ನೀರೋ, ದೇಶದ ಬಜೆಟ್ಟೋ?

ಪರ: ಮೊದಲು ಊರಿನ ಮಾತು
(ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ, ಮಾನ್ವಿ ತಾಲೂಕು)

ಕಳೆದ ಲೋಕಸಭೆ ಚುನಾವಣೆಯ ಹೊತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ನಮ್ಮೂರ ಹನುಮಪ್ಪನ ಗುಡಿ ಕಟ್ಟೆ ಮೇಲೆ ಅಭ್ಯರ್ಥಿಯೊಬ್ಬರು ನಿಂತು, ದೇಶದ ಆರ್ಥಿಕತೆ ಎಷ್ಟನೇ ಸ್ಥಾನದಲ್ಲಿದೆ, ಎಲ್ಲಿಗೆ ಏರಬೇಕು ಅಂತ ಕಾಲು ಗಂಟೆ ಮಾತಾಡಿದರು. ಮಾತು ಮುಗಿಯುವವರೆಗೆ ಸುಮ್ಮನೆ ಕೂತಿದ್ದ ಅಜ್ಜಿಯೊಬ್ಬಳು ಕಂಕುಳಲ್ಲಿದ್ದ ಖಾಲಿ ಕೊಡ ಕೆಳಗಿಟ್ಟು ಎದ್ದಳು. "ಕಾಲುವ್ಯಾಗ ನೀರಿಲ್ಲ, ಕೆರಿ ತುಂಬಿಲ್ಲ. ಮುಂದಿನ ತಿಂಗಳು ಏನು ಕುಡಿಯೂದ್ರಿ ಸಾಹೇಬ್ರ?"

"ಅದು ನಿಮ್ಮ ಶಾಸಕರ ಕಡೆ ಬರ್ತದಮ್ಮ" ಅಂದು ಅವರು ಗಾಡಿ ಹತ್ತಿದರು.

ನನಗೆ ಸಿಟ್ಟು ಬಂದದ್ದು ಅಲ್ಲೇ. ಆ ನೀರು ಯಾರ ಕಡೆ ಬರುತ್ತದೆ? ಜಲಾಶಯವನ್ನು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯನ್ನು 1953ರಲ್ಲಿ ರಚಿಸಿದ್ದೇ ಕೇಂದ್ರ. ಅದಕ್ಕೆ ಅಧ್ಯಕ್ಷರನ್ನು ನೇಮಿಸುವುದೂ ಕೇಂದ್ರವೇ. ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಅಲ್ಲಿ ಕೂಡುತ್ತವೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105.788 ಟಿಎಂಸಿ. ಉಳಿದ ಜಾಗವನ್ನೆಲ್ಲ ಹೂಳು ತಿಂದಿದೆ. ಆ ನಷ್ಟ ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಮಾತು ಎಷ್ಟೋ ವರ್ಷದಿಂದ ನಡೆದಿದೆ. ಅದಕ್ಕೂ ಪಕ್ಕದ ರಾಜ್ಯಗಳು ಹೂಂ ಅನ್ನಬೇಕು. ಇದನ್ನೆಲ್ಲ ಶಾಸಕರು ಬೆಂಗಳೂರಲ್ಲಿ ಕೂತು ಬಿಡಿಸುವುದು ಆಗದ ಮಾತು, ದಿಲ್ಲಿಯಲ್ಲೇ ಆಗಬೇಕು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ನೀರು ತಡೆಯುವ 19ನೇ ಕ್ರಸ್ಟ್‌ಗೇಟಿನ ಚೈನು ಕಡಿಯಿತು. ನಮ್ಮಲ್ಲಿ ಸಸಿ ಮಡಿ ಎದ್ದಿತ್ತು, ನಾಟಿ ಹಚ್ಚಬೇಕಿತ್ತು. ತುಂಬಿ ನಿಂತಿದ್ದ ಜಲಾಶಯದ ನೀರು ನದಿಗೆ ಹೋಗುವುದನ್ನು ಫೋನಿನಲ್ಲಿ ನೋಡುತ್ತಾ ಎರಡು ರಾತ್ರಿ ನಿದ್ದೆಯಿಲ್ಲದೆ ಕಳೆದೆವು. ಹರಿಯುವ ನೀರಿನಲ್ಲೇ ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದ ಎಂಜಿನಿಯರುಗಳಿಗೆ, ಕೆಲಸಗಾರರಿಗೆ ಇಂದಿಗೂ ಕೈ ಮುಗಿಯುತ್ತೇನೆ. ಆದರೆ ಅದಕ್ಕೆ ಮೊದಲು ನಮ್ಮ ಕಡೆ ಓಟು ಕೇಳಲು ಬಂದ ಒಬ್ಬರ ಬಾಯಲ್ಲೂ ಆ ಗೇಟುಗಳ ಸುದ್ದಿ ನಾನು ಕೇಳಿರಲಿಲ್ಲ.

ಎಡದಂಡೆ ಕಾಲುವೆ 141 ಮೈಲಿ ಉದ್ದ. ಮೇಲಿನವರು ತೂಬು ಹೆಚ್ಚು ತೆಗೆದರೆ ನಮ್ಮ ಗೇಜು, ಅಂದರೆ ಕಾಲುವೆಯ ನೀರಿನ ಮಟ್ಟ, ಇಳಿಯುತ್ತದೆ. ಹಾಗಂತ ಗಂಗಾವತಿಯ ರೈತರ ಮೇಲೆ ನನಗೆ ಹಗೆಯಿಲ್ಲ, ಅವರೂ ನಮ್ಮಂಥವರೇ. ನಡುವೆ ನಿಂತು ಲೆಕ್ಕ ಹೇಳುವವರೊಬ್ಬರು ಬೇಕು, ಅಷ್ಟೇ.

ರೈಲು, ಏಮ್ಸ್ ಎರಡೂ ಇದೇ ಥರ. ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997-98ರಲ್ಲಿ, ರೈಲು ಸಿಂಧನೂರು ಮುಟ್ಟಿದ್ದು 2024ರ ಮಾರ್ಚ್‌ನಲ್ಲಿ. ರಾಯಚೂರಿಗೆ ಏಮ್ಸ್ ಕೊಡಿ ಅಂತ 2022ರ ಮೇ ತಿಂಗಳಲ್ಲಿ ಜನ ಧರಣಿಗೆ ಕೂತರು. ಇವೆರಡೂ ಕೇಂದ್ರದ ಕೈಯಲ್ಲಿರುವಂಥವು. ಇಂಥ ಊರಲ್ಲಿ ನಿಂತು ಸ್ಥಳೀಯ ಸಮಸ್ಯೆ ನನ್ನದಲ್ಲ ಅನ್ನುವವರು ನಮ್ಮ ಊರನ್ನೇ ಓದಿಕೊಂಡಿಲ್ಲ. ಆ ಮಧ್ಯಾಹ್ನ ಅವರು "ಮಂಡಳಿಯವರನ್ನ ಕೇಳಿ ತಿಳಿಸ್ತೀನಿ ಅಮ್ಮ" ಅಂದಿದ್ದರೂ ಸಾಕಿತ್ತು, ನನ್ನ ಓಟು ಅವರಿಗೇ ಹೋಗುತ್ತಿತ್ತು.

ವಿರೋಧ: ಮೊದಲು ಬಜೆಟ್ಟಿನ ಮಾತು
(ಹತ್ತಿ ಅಡತಿ ಅಂಗಡಿಯ ಗುಮಾಸ್ತ, ರಾಯಚೂರು)

ಗಂಜ್‌ನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಮಾಲು ಮಾರಿದವರ ಲೆಕ್ಕದ ಪಟ್ಟಿ ಬರೆಯುತ್ತಾ ನನ್ನ ಕೂದಲು ಬೆಳ್ಳಗಾಗಿದೆ. ಮಾನ್ವಿಯ ಅಣ್ಣ ಬರೆದ ನೀರಿನ ಸಂಕಟಕ್ಕೆ ನಾನು ಎದುರಾಡುವುದಿಲ್ಲ, ಆ ನೀರು ಕುಡಿದವನೇ ನಾನು. ಆದರೆ ಊರಿನ ಮಾತನ್ನೇ ಮೊದಲು ಕೇಳಬೇಕು ಅನ್ನುವುದನ್ನು ಒಪ್ಪಲಾರೆ.

ಚುನಾವಣೆ ಬಂದಾಗ ನಮ್ಮ ಅಂಗಡಿಗೂ ಕೈ ಮುಗಿಯುತ್ತಾ ಒಬ್ಬರು ಬಂದರು. "ಹತ್ತಿ ಆಮದು ಸುಂಕದ ಬಗ್ಗೆ ನಿಮ್ಮ ನಿಲುವೇನ್ರೀ?" ಅಂತ ಕೇಳಿದೆ. ಅವರು ಪಕ್ಕದಲ್ಲಿದ್ದವರ ಮುಖ ನೋಡಿ, "ಗಂಜ್‌ಗೆ ಸಿಸಿ ರಸ್ತೆ, ಹಮಾಲರಿಗೆ ಶೌಚಾಲಯ ಮಾಡಿಸ್ತೀವಿ" ಅಂದರು. ಶೌಚಾಲಯ ಖಂಡಿತ ಬೇಕು, ಹಮಾಲರ ಪಾಡು ದಿನಾ ನೋಡುವವನು ನಾನು. ಆದರೆ ಅದು ಎಪಿಎಂಸಿ ಮಾಡಬೇಕಾದ ಕೆಲಸ, ಲೋಕಸಭೆಗೆ ಹೋಗುವವರದಲ್ಲ.

ಸುಂಕದ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. 2021ರ ಫೆಬ್ರವರಿ ಬಜೆಟ್‌ನಲ್ಲಿ ಹೊರದೇಶದ ಹತ್ತಿ ಮೇಲೆ ಎಲ್ಲ ಸೇರಿ ಶೇ 11ರಷ್ಟು ಸುಂಕ ಬಿತ್ತು. 2022ರ ಏಪ್ರಿಲ್‌ನಲ್ಲಿ ಕೆಲ ತಿಂಗಳ ಮಟ್ಟಿಗೆ ಅದನ್ನು ತೆಗೆದರು. 2025ರ ಆಗಸ್ಟ್‌ನಲ್ಲಿ ಮತ್ತೆ ತೆಗೆದು, ವಿನಾಯಿತಿಯನ್ನು ಡಿಸೆಂಬರ್ 31ರವರೆಗೆ ಎಳೆದರು. ಸುಂಕ ಹೋದರೆ ಹೊರಗಿನ ಹತ್ತಿ ಅಗ್ಗವಾಗಿ ಇಲ್ಲಿನ ದರ ಜಗ್ಗುತ್ತದೆ. ನಮ್ಮ ಸೀಮೆಯ ರೈತರು ಹತ್ತಿ ಬಿಡಿಸಿ ಅಂಡಿಗೆ ತುಂಬಿ ಗಂಜ್‌ಗೆ ತರುವುದು ಸರಿಯಾಗಿ ಆ ತಿಂಗಳುಗಳಲ್ಲೇ. ಆ ವರ್ಷ ಉದ್ದ ಎಳೆ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ ಇತ್ತು. ಅದಕ್ಕಿಂತ ಕೆಳಗಿನ ದರಕ್ಕೆ ಎಷ್ಟು ಪಟ್ಟಿಗಳನ್ನು ನನ್ನ ಈ ಕೈಯಿಂದಲೇ ಬರೆದೆನೋ! ದೇವದುರ್ಗ ಕಡೆಯ ಒಬ್ಬ ಹುಡುಗ ಪಟ್ಟಿ ಕೈಗೆ ತಗೊಂಡು, ಬೀಜ ಗೊಬ್ಬರದ ಬಾಕಿ ಕಳೆದು ಉಳಿದದ್ದನ್ನು ಎರಡು ಸಲ ಎಣಿಸಿ, ಏನೂ ಮಾತಾಡದೆ ಹೊರಟುಹೋದ.

ನೂಲಿನ ಗಿರಣಿಗಳಿಗೂ ಕಷ್ಟವಿದೆ, ಅಮೆರಿಕ ಸುಂಕ ಏರಿಸಿದಾಗ ಅವರ ಹೊಟ್ಟೆಗೂ ಪೆಟ್ಟು ಬಿತ್ತು. ಅವರ ಅಹವಾಲು ದಿಲ್ಲಿಗೆ ಮುಟ್ಟಿತು. ಆ ಹುಡುಗನದು? ಸುಂಕ ತೆಗೆಯುವ ಇಂಥ ಅಧಿಸೂಚನೆಗಳನ್ನು ಸಂಸತ್ತಿನ ಮುಂದೆ ಇಡಬೇಕೆಂದು ಕಾನೂನೇ ಹೇಳುತ್ತದೆ. ಅಲ್ಲಿ ಎದ್ದು ನಿಂತು ಅವನ ಮಾತು ಆಡಬಲ್ಲವರು ನಾವು ಆರಿಸಿ ಕಳಿಸಿದವರು ಮಾತ್ರ. ಅವರಿಗೆ ಸುಂಕ ಅಂದರೇನು ಅನ್ನುವುದೇ ಗೊತ್ತಿಲ್ಲದಿದ್ದರೆ ಏನು ಆಡಿಯಾರು?

ಭತ್ತದ್ದೂ ಅದೇ ಕಥೆ. 2023ರ ಜುಲೈಯಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದರು, ತೆರೆದದ್ದು 2024ರ ಸೆಪ್ಟೆಂಬರ್‌ನಲ್ಲಿ. ಗಂಗಾವತಿ, ಕಾರಟಗಿ, ಸಿಂಧನೂರಿನ ಸೋನಾ ಮಸೂರಿಗೂ ಆ ಬಾಗಿಲು ಮುಚ್ಚಿತ್ತು.

ಗುಳೆ ಹೋಗುವವರದು ಇನ್ನೊಂದು. ಊರಲ್ಲೇ ಕೂಲಿ ಸಿಗಲೆಂದಿದ್ದ ಉದ್ಯೋಗ ಖಾತ್ರಿಗೆ 2022-23ರ ಬಜೆಟ್‌ನಲ್ಲಿ 73,000 ಕೋಟಿ ಇಟ್ಟವರು ಮರುವರ್ಷ 60,000 ಕೋಟಿ ಇಟ್ಟರು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ 62.5 ಲಕ್ಷ. ಆ ಹಣದ ಸಮುದಾಯ ಭವನಕ್ಕೆ ನಾವು ಹಾರ ಹಾಕುತ್ತೇವೆ. 13,000 ಕೋಟಿ ಇಳಿದಾಗ ಸದನದಲ್ಲಿ ಏನು ಮಾತಾಡಿದಿರಿ ಅಂತ ಮಾತ್ರ ಕೇಳುವುದಿಲ್ಲ. 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿಯ ಬಜೆಟ್ಟಿನ ಅನುದಾನ ಬೇಡಿಕೆಗಳು, ಅಂದರೆ ಇಲಾಖೆಗಳು ಕೇಳುವ ಖರ್ಚಿನ ಹಣ, ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಲೋಕಸಭೆಯಲ್ಲಿ ಪಾಸಾದವು. ಆ ಗದ್ದಲದಲ್ಲಿ ನಮ್ಮ ಹತ್ತಿ, ಭತ್ತ, ಕೂಲಿ ಎಲ್ಲದರ ಲೆಕ್ಕವೂ ಮುಳುಗಿತು. ನನಗೆ ನೋವಾಗುವುದು ಇದಕ್ಕೆ. ಆಡಳಿತ ಪಕ್ಷ, ವಿರೋಧ ಪಕ್ಷ ಅಂತ ನಾನು ಭೇದ ಎಣಿಸುತ್ತಿಲ್ಲ.

ಬಜೆಟ್‌ನಲ್ಲಿ ಹೇಳಿಸಿಕೊಂಡರೂ ಸಾಲದು. 2023-24ರ ಭಾಷಣದಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂದರು. ದುಡ್ಡು ಬರಲಿಲ್ಲ ಅಂತ ರಾಜ್ಯ ಸರ್ಕಾರ ವರ್ಷಗಟ್ಟಲೆ ದೂರುತ್ತಾ ಬಂತು. ಅಂದಾಜು ಎಷ್ಟು, ಪರಿಷ್ಕೃತ ಅಂದಾಜು ಎಷ್ಟು, ಕೊನೆಗೆ ಖರ್ಚಾದದ್ದೆಷ್ಟು, ಈ ಮೂರು ಕಾಲಂ ಓದಲು ಬರುವವರು ಬೇಕು. ಮಾನ್ವಿಯ ಅಣ್ಣ ಹೇಳಿದ ರೈಲನ್ನೇ ತಗೊಳ್ಳಿ. ಅದು ಇಷ್ಟು ವರ್ಷ ಕುಂಟುತ್ತಾ ಬಂದದ್ದಕ್ಕೆ ಭೂಸ್ವಾಧೀನವೂ ಕಾರಣ, ವರ್ಷವರ್ಷ ಸಾಕಷ್ಟು ಬಾರದ ಹಣವೂ ಕಾರಣ. ಯಾವ ಮಾರ್ಗಕ್ಕೆ ಎಷ್ಟು ಅಂತ ರೈಲ್ವೆಯ ಪಿಂಕ್ ಬುಕ್‌ನಲ್ಲಿ ಸಾಲು ಸಾಲಾಗಿ ಅಚ್ಚಾಗುತ್ತದೆ. "ರೈಲು ತರ್ತೀರಾ?" ಅಂದರೆ "ತರ್ತೀವಿ" ಅನ್ನುತ್ತಾರೆ, ಇಷ್ಟು ಚುನಾವಣೆಯಲ್ಲೂ ಅಂದಿದ್ದಾರೆ. "ಈ ವರ್ಷ ಎಷ್ಟು ಇಟ್ಟಾರ, ಅದರಾಗ ಎಷ್ಟು ಖರ್ಚಾತು?" ಅಂದರೆ ಓದಿಕೊಂಡು ಬಂದವರು ಯಾರು, ಬರೀ ಕೈ ಮುಗಿಯಲು ಬಂದವರು ಯಾರು ಗೊತ್ತಾಗುತ್ತದೆ.

ಹಳೇ ಪಟ್ಟಿ ಪುಸ್ತಕದ ಕಡೇ ಹಾಳೆಯಲ್ಲಿ ಆ ಪ್ರಶ್ನೆ ಬರೆದಿಟ್ಟಿದ್ದೇನೆ. ಅದರ ಮೇಲಿನ ಸಾಲು ಹತ್ತಿ ಸುಂಕದ್ದು. ಮುಂದಿನ ಸಲ ಅಂಗಡಿ ಮೆಟ್ಟಿಲು ಹತ್ತಿದವರಿಗೆ ಮೊದಲು ಚಹಾ ಕೊಡಿಸಿ, ಆಮೇಲೆ ಆ ಹಾಳೆ ತೆಗೆಯುತ್ತೇನೆ.