ಗೊಬ್ಬರ ಹಾಕದ ತಾಕು

ಕೃಷಿ ವಿಜ್ಞಾನದ ಪದವಿಗೆ ಸೇರಿದವರು ಓದಬೇಕಾದ ವಿಷಯಗಳು ಒಂದೆರಡಲ್ಲ. ಮಣ್ಣು ವಿಜ್ಞಾನ, ಬೇಸಾಯಶಾಸ್ತ್ರ, ತಳಿವಿಜ್ಞಾನ, ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ, ತೋಟಗಾರಿಕೆ, ಕೃಷಿ ಅರ್ಥಶಾಸ್ತ್ರ, ವಿಸ್ತರಣೆ ಅಂತ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇವುಗಳ ನಡುವೆ ಸಂಖ್ಯಾಶಾಸ್ತ್ರ ಮತ್ತು ಕ್ಷೇತ್ರ ಪ್ರಯೋಗಗಳ ವಿನ್ಯಾಸವೂ ಒಮ್ಮೆ ಬಂದು ಹೋಗುತ್ತದೆ. ಬಹಳಷ್ಟು ವಿದ್ಯಾರ್ಥಿಗಳು ಅನೋವಾ (ಇಳುವರಿಯ ಏರುಪೇರನ್ನು ಕಾರಣವಾರು ಬಿಡಿಸುವ ಲೆಕ್ಕ) ಟೇಬಲ್ ತುಂಬುವುದನ್ನು ಉರು ಹೊಡೆದು, ಅದರ ಕೊನೆಗೆ ಬರುವ ಎಫ್ ವ್ಯಾಲ್ಯೂ ತೆಗೆದು, ಪಾಸಾಗಿ, ಪುಸ್ತಕವನ್ನು ಜೂನಿಯರ್‌ಗೆ ಕೊಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಪದವಿ ನಿಂತಿರುವುದೇ ಈ ವಿಷಯದ ಮೇಲೆ. ಇದನ್ನು ಹೊಲದಲ್ಲಿ ನಿಂತು ಕಲಿಯದೆ ಹೊರಬಂದವರ ಪಾಲಿಗೆ ಉಳಿದ ವಿಷಯಗಳೆಲ್ಲ ಬರೀ ಮಾಹಿತಿ. ಮಾಹಿತಿ ಈಗ ಫೋನಿನಲ್ಲೂ ಸಿಗುತ್ತದೆ.

"ಬೇಸಾಯ ಮಾಡೋಕೆ ಡಿಗ್ರಿ ಯಾಕೆ ಬೇಕು?" ಅನ್ನುವ ಪ್ರಶ್ನೆ ಕೃಷಿ ಓದಿದವರ ಕಿವಿಗೆ ಒಮ್ಮೆಯಾದರೂ ಬಿದ್ದಿರುತ್ತದೆ. ಅದಕ್ಕೆ ಸಿಟ್ಟಾಗಬೇಕಿಲ್ಲ, ಒಳ್ಳೆಯ ಪ್ರಶ್ನೆಯೇ. ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಬದಿ ಬೇಗ ಒಣಗುತ್ತದೆ, ಮಣ್ಣು ಯಾವಾಗ ಹದಕ್ಕೆ ಬರುತ್ತದೆ ಅನ್ನುವುದು ಅಲ್ಲೇ ದುಡಿಯುವವರಿಗೆ ಗೊತ್ತಿರುವಷ್ಟು ಯಾವ ಪದವೀಧರರಿಗೂ ಗೊತ್ತಿರುವುದಿಲ್ಲ. ಆದರೆ ಅವರು ಹೊಸ ಗೊಬ್ಬರ ಹಾಕಿದ ವರ್ಷವೇ ಮಳೆಯೂ ಹದವಾಗಿ ಬಂತು ಅಂತಿಟ್ಟುಕೊಳ್ಳಿ. ಫಸಲು ಚೆನ್ನಾಗಿ ಬಂತು. ಕಾರಣ ಗೊಬ್ಬರವೋ, ಮಳೆಯೋ, ಹಿಂದಿನ ಬೆಳೆ ಮಣ್ಣಿನಲ್ಲಿ ಬಿಟ್ಟುಹೋದ ಸತ್ವವೋ? ಗೊಬ್ಬರ ಹಾಕದಿದ್ದರೆ ಎಷ್ಟು ಬರುತ್ತಿತ್ತು? ಇಡೀ ಹೊಲಕ್ಕೂ ಗೊಬ್ಬರ ಹಾಕಿಯಾಗಿದೆ. ಇನ್ನು ಈ ಪ್ರಶ್ನೆಗೆ ಎಷ್ಟೇ ಅನುಭವವಿದ್ದರೂ ಉತ್ತರ ಸಿಗುವುದಿಲ್ಲ. ಆ ಉತ್ತರ ಸಿಗುವ ಹಾಗೆ ಹೊಲವನ್ನು ಮೊದಲೇ ಹೇಗೆ ಹಂಚಬೇಕು ಅಂತ ಕಲಿಸುವುದಕ್ಕೆ ಈ ಪದವಿ ಇರುವುದು.

ಕಷ್ಟ ಎಲ್ಲಿದೆ ಅಂದರೆ, ಹೊಲ ಸಮನಾಗಿ ಕಂಡರೂ ಸಮನಾಗಿರುವುದಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮರ್ಸರ್ ಮತ್ತು ಹಾಲ್ ಎಂಬಿಬ್ಬರು ಒಂದು ಎಕರೆ ಗೋಧಿ ಹೊಲವನ್ನು 500 ಪುಟ್ಟ ತಾಕುಗಳಾಗಿ, ಅಂದರೆ ತುಂಡುಗಳಾಗಿ, ಕೊಯ್ದು, ಒಂದೊಂದರ ಕಾಳನ್ನೂ ಬೇರೆಬೇರೆಯಾಗಿ ತೂಗಿದರು. ಫಲಿತಾಂಶ ಪ್ರಕಟವಾದದ್ದು 1911ರಲ್ಲಿ. ಬೀಜ ಒಂದೇ, ಬಿತ್ತನೆ ಒಂದೇ, ಆರೈಕೆಯೂ ಒಂದೇ. ಆದರೂ ಕೆಲವು ತಾಕುಗಳಲ್ಲಿ ಮೂರು ಪೌಂಡ್‌ಗೂ ಕಡಿಮೆ ಕಾಳು ಸಿಕ್ಕಿತು, ಕೆಲವುಗಳಲ್ಲಿ ಐದು ಪೌಂಡ್‌ಗೂ ಹೆಚ್ಚು. ನನ್ನನ್ನು ಕೇಳಿದರೆ ಕೃಷಿ ಪದವಿಯ ಮೊದಲ ದಿನದ ಮೊದಲ ಪಾಠ ಇದೇ ಆಗಬೇಕು. ಏನನ್ನೂ ಬದಲಿಸದೆಯೇ ಇಷ್ಟು ವ್ಯತ್ಯಾಸ ಬರುವುದಾದರೆ, ಎರಡು ತಾಕುಗಳನ್ನು ಪಕ್ಕಪಕ್ಕ ಇಟ್ಟು ಒಂದಕ್ಕೆ ಏನೋ ಸಿಂಪಡಿಸಿ, "ನೋಡಿ, ಶೇಕಡಾ ಮೂವತ್ತು ಇಳುವರಿ ಜಾಸ್ತಿ" ಅನ್ನುವ ಮಾತಿಗೆ ಏನು ಬೆಲೆ?

ಈ ಸಮಸ್ಯೆ ಬಗೆಹರಿದದ್ದೂ ಅದೇ ಕೇಂದ್ರದಲ್ಲಿ. ಅಲ್ಲಿ ದಶಕಗಳಿಂದ ಕೂಡಿಬಿದ್ದಿದ್ದ ಇಳುವರಿ ಲೆಕ್ಕಗಳನ್ನು ಪರಿಶೀಲಿಸಲು 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ಯುವ ಗಣಿತಜ್ಞ ಕೆಲಸಕ್ಕೆ ಸೇರಿದರು. ವಿದ್ಯಾರ್ಥಿಗಳನ್ನು ಕಾಡುವ ಅನೋವಾ ಹೊಲದ ಪ್ರಯೋಗದ ಲೆಕ್ಕಕ್ಕೆ ಬಳಕೆಗೆ ಬಂದದ್ದು ಆಲೂಗೆಡ್ಡೆ ತಳಿಗಳು ಗೊಬ್ಬರಕ್ಕೆ ಹೇಗೆ ಸ್ಪಂದಿಸುತ್ತವೆ ಎಂಬುದರ ಕುರಿತು 1923ರಲ್ಲಿ ಅವರು ಸಹೋದ್ಯೋಗಿ ಮೆಕೆಂಜಿಯವರ ಜೊತೆ ಬರೆದ ಪ್ರಬಂಧದಲ್ಲಿ. ಎರಡು ಸರಾಸರಿಗಳ ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ನೋಡುವ ಟಿ-ಟೆಸ್ಟ್ ಕೂಡ ಹೊಲಕ್ಕೆ ದೂರದ್ದಲ್ಲ. ಅದನ್ನು 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ವಿಲಿಯಂ ಗಾಸೆಟ್ ಡಬ್ಲಿನ್‌ನ ಬ್ರೂವರಿಯೊಂದರಲ್ಲಿ ನೌಕರರಾಗಿದ್ದರು, ಬಾರ್ಲಿಯ ಪ್ರಯೋಗಗಳಲ್ಲಿ ತೊಡಗಿಕೊಂಡಿದ್ದವರು. ಇವತ್ತು ಹೊಸ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಅಂತ ಆಸ್ಪತ್ರೆಗಳಲ್ಲಿ ಪರೀಕ್ಷಿಸುವ ಕ್ರಮದ ಬೇರು ಗೊಬ್ಬರ ಮತ್ತು ಆಲೂಗೆಡ್ಡೆಯ ತಾಕುಗಳಲ್ಲಿದೆ. ಕೃಷಿ ವಿದ್ಯಾರ್ಥಿಗಳು ತಮ್ಮದೇ ಮನೆಯ ಈ ಆಸ್ತಿಯನ್ನು ಯಾರೋ ಗಣಿತದವರು ತಂದು ಹೇರಿದ ಹೊರೆ ಅಂದುಕೊಂಡಿದ್ದಾರೆ. ನನಗೆ ಇದು ನಿಜಕ್ಕೂ ಸಂಕಟದ ಸಂಗತಿ.

ತರಗತಿಯಲ್ಲಿ ಒಣಗಿದಂತೆ ಕಾಣುವ ಪ್ರಯೋಗ ವಿನ್ಯಾಸದ ಮೂರು ತತ್ವಗಳನ್ನು, ಅಂದರೆ ಬ್ಲಾಕ್ ಮಾಡುವುದು, ರ್‍ಯಾಂಡಮೈಸೇಶನ್, ರೆಪ್ಲಿಕೇಶನ್‌ಗಳನ್ನು, ಹೊಲಕ್ಕೆ ಕರೆದೊಯ್ದು ನೋಡಿ. ಇಳಿಜಾರಿನ ಹೊಲ ಅಂತಿಟ್ಟುಕೊಳ್ಳಿ. ನೀರೂ ನವಿರು ಮಣ್ಣೂ ಕೆಳಕ್ಕೆ ಹರಿದು ಸೇರುತ್ತವೆ, ಹಾಗಾಗಿ ಕೆಳಗಿನ ಬೆಳೆ ಸಹಜವಾಗಿಯೇ ಹುಲುಸು. ಹೊಸ ತಳಿಯನ್ನು ಕೆಳಗೂ ಹಳೆಯದನ್ನು ಮೇಲೂ ಬಿತ್ತಿದರೆ ನೀವು ಅಳೆಯುವುದು ಇಳಿಜಾರನ್ನು, ತಳಿಯನ್ನಲ್ಲ. ಅದಕ್ಕೇ ಇಳಿಜಾರಿಗೆ ಅಡ್ಡವಾಗಿ ಪಟ್ಟಿಪಟ್ಟಿಯಾಗಿ ಬ್ಲಾಕ್ ಮಾಡುವುದು. ಒಂದು ಬ್ಲಾಕ್ ಪೂರ್ತಿ ಒಂದೇ ಮಟ್ಟದಲ್ಲಿರುತ್ತದೆ, ಎಲ್ಲ ತಳಿಗೂ ಅದರೊಳಗೆ ಜಾಗ ಸಿಗುತ್ತದೆ. ಬ್ಲಾಕಿನೊಳಗೆ ಯಾವ ತಳಿ ಎಲ್ಲಿ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುವುದು ರ್‍ಯಾಂಡಮೈಸೇಶನ್. ನಮಗೆ ಪ್ರೀತಿಯ ತಳಿಗೆ ನಮಗೇ ಗೊತ್ತಿಲ್ಲದಂತೆ ಒಳ್ಳೆಯ ಜಾಗ ಕೊಡುವ ಆಸೆ ನಮ್ಮೊಳಗೇ ಇರುತ್ತದೆ, ಚೀಟಿ ಅದನ್ನು ತಡೆಯುತ್ತದೆ. ಇನ್ನು ರೆಪ್ಲಿಕೇಶನ್. ಒಂದೇ ಉಪಚಾರವನ್ನು (ಪರೀಕ್ಷಿಸುತ್ತಿರುವ ತಳಿ ಅಥವಾ ಗೊಬ್ಬರವನ್ನು) ಹಲವು ತಾಕುಗಳಲ್ಲಿ ಮಾಡಿದಾಗ ಮಾತ್ರ, ಏನೂ ಮಾಡದಿದ್ದರೂ ಎಷ್ಟು ಏರುಪೇರು ಬರುತ್ತದೆ ಅನ್ನುವ ಅಳತೆ ಕೈಗೆ ಸಿಗುತ್ತದೆ. ತಾಕಿನ ಅಂಚಿನ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯದೆ ಒಳಗಿನ ಸಾಲುಗಳನ್ನಷ್ಟೇ ತೂಗುವುದೂ ಇದೇ ಪ್ರಾಮಾಣಿಕತೆಯ ಭಾಗ. ಅಂಚಿನ ಗಿಡಕ್ಕೆ ಒಂದು ಬದಿಯಲ್ಲಿ ಪೈಪೋಟಿಯೇ ಇರುವುದಿಲ್ಲ. ಅದಕ್ಕೆ ಬೆಳಕೂ ಹೆಚ್ಚು, ಜಾಗವೂ ಹೆಚ್ಚು.

ಸಂಖ್ಯೆಗಳ ಜೊತೆ ಇನ್ನೊಂದು ಮಾತನ್ನೂ ಹೇಳಬೇಕು. ವ್ಯಾನ್ ಹೆಲ್ಮಾಂಟ್ ಅನ್ನುವ ಹದಿನೇಳನೇ ಶತಮಾನದ ವಿಜ್ಞಾನಿ ತೂಗಿದ ಮಣ್ಣಿನಲ್ಲಿ ವಿಲೋ ಗಿಡ ನೆಟ್ಟು ಐದು ವರ್ಷ ಬರೀ ನೀರು ಹಾಕಿ ಬೆಳೆಸಿದ ಕತೆ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. 1648ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ 5 ಪೌಂಡ್‌ನ ಗಿಡ ಸುಮಾರು 169 ಪೌಂಡ್ ಆಗಿತ್ತು, 200 ಪೌಂಡ್ ಮಣ್ಣಿನಲ್ಲಿ ಕಡಿಮೆಯಾದದ್ದು ಹೆಚ್ಚೆಂದರೆ 2 ಔನ್ಸ್. ಅಳತೆ ಶ್ರದ್ಧೆಯದು. ತೀರ್ಮಾನ ಮಾತ್ರ ತಪ್ಪು. ಮರವೆಲ್ಲ ನೀರಿನಿಂದಲೇ ಆಯಿತು ಅಂತ ಅವರು ನಂಬಿದರು. ಎಲೆ ಗಾಳಿಯಿಂದ ಇಂಗಾಲ ಹೀರುತ್ತದೆ ಅನ್ನುವ ಅರಿವು ಆಗಿನ್ನೂ ಇರಲಿಲ್ಲ. ಆ 2 ಔನ್ಸ್‌ನಲ್ಲಿ ಏನಿರಬಹುದು ಅನ್ನುವ ಪ್ರಶ್ನೆಯೂ ಹಾಗೇ ಉಳಿಯಿತು, ಆಮೇಲೆ ಬಂದ ಸಸ್ಯಪೋಷಣೆಯ ಶಾಸ್ತ್ರವೆಲ್ಲ ಅದರೊಳಗೆ ಅಡಗಿತ್ತು. ಪ್ರಯೋಗ ಕೊಡುವ ಸಂಖ್ಯೆಯನ್ನು ಓದುವುದಕ್ಕೆ ಸಸ್ಯಶರೀರಕ್ರಿಯೆ ಬೇಕು, ಮಣ್ಣಿನ ರಸಾಯನ ಬೇಕು, ಸೂಕ್ಷ್ಮಾಣು ಶಾಸ್ತ್ರ ಬೇಕು. ಅಷ್ಟೊಂದು ವಿಷಯಗಳನ್ನು ಒಟ್ಟಿಗೆ ಯಾಕೆ ಓದಿಸುತ್ತಾರೆ ಅಂತ ಗೊಣಗುವವರಿಗೆ ನನ್ನ ಉತ್ತರ ಇದು.

ಬರೀ ಸಿದ್ಧಾಂತ ಹಿಡಿದುಕೊಂಡವರು ಎಡವಿದ್ದೂ ಇದೆ. ಯೂಸ್ಟಸ್ ಲೀಬಿಗ್ ತಮ್ಮ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞ. ಬೆಳೆಗೆ ಬೇಕಾದ ಸಾರಜನಕ ಗಾಳಿಯಲ್ಲಿರುವ ಅಮೋನಿಯಾದಿಂದಲೇ ಸಾಕಷ್ಟು ಸಿಗುತ್ತದೆ, ಮಣ್ಣಿಗೆ ಖನಿಜಗಳನ್ನು ಒದಗಿಸಿದರೆ ಸಾಕು ಅನ್ನುವ ಪಟ್ಟು ಅವರದು. ರಾಥಮ್‌ಸ್ಟೆಡ್ ಕೇಂದ್ರವನ್ನು ಕಟ್ಟಿದ ಜಾನ್ ಲಾಸ್ ಮತ್ತು ಅವರ ಜೊತೆಗಾರ ಜೋಸೆಫ್ ಗಿಲ್ಬರ್ಟ್ ವಾದಕ್ಕಿಂತ ಹೆಚ್ಚಾಗಿ ಗೋಧಿಯನ್ನು ನಂಬಿದರು. 1843ರಲ್ಲಿ ರಾಥಮ್‌ಸ್ಟೆಡ್‌ನ ಬ್ರಾಡ್‌ಬಾಕ್ ಹೊಲದಲ್ಲಿ ಅವರು ಶುರು ಮಾಡಿದ ಪ್ರಯೋಗದಲ್ಲಿ ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಬರೀ ಖನಿಜ, ಕೆಲವಕ್ಕೆ ಖನಿಜದ ಜೊತೆ ಸಾರಜನಕ, ಇನ್ನೊಂದಕ್ಕೆ ಏನೂ ಇಲ್ಲ. ಬರೀ ಖನಿಜ ಹಾಕಿದ ಪಟ್ಟಿಗಳು ಸಾರಜನಕ ಸಿಕ್ಕ ಪಟ್ಟಿಗಳಿಗಿಂತ ತೀರಾ ಹಿಂದುಳಿದವು. ವಾದ ಅಲ್ಲಿಗೇ ತಣ್ಣಗಾಗಲಿಲ್ಲ, ವರ್ಷಗಟ್ಟಲೆ ಜಗ್ಗಾಡಿತು. ಕೊನೆಗೆ ಗೆದ್ದದ್ದು ಹೊಲದ ಲೆಕ್ಕವೇ.

ಆ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಏನೂ ಹಾಕದ ಆ ಪಟ್ಟಿಯನ್ನು, ಹೆಕ್ಟೇರಿಗೆ ಸುಮಾರು 1 ಟನ್ ಗೋಧಿ ಕೊಡುವ ಆ ಬಡ ಪಟ್ಟಿಯನ್ನು, ಯಾರೂ 'ಸುಧಾರಿಸಲು' ಹೋಗಿಲ್ಲ. ಅದು ಇರುವುದರಿಂದಲೇ ಉಳಿದ ಪಟ್ಟಿಗಳ ಇಳುವರಿಗೆ ಅರ್ಥ. ಪ್ರತಿ ವರ್ಷದ ಕಾಳು ಮತ್ತು ಹುಲ್ಲಿನ ಮಾದರಿಗಳನ್ನೂ ಅವರು ಜೋಪಾನವಾಗಿ ಎತ್ತಿಟ್ಟುಕೊಂಡು ಬಂದರು. ಡಿಎನ್‌ಎ ಅನ್ನುವ ಮಾತೇ ಇಲ್ಲದ ಕಾಲದಲ್ಲಿ ಎತ್ತಿಟ್ಟ ಆ ಹುಲ್ಲು ಮತ್ತು ಎಲೆಗಳಿಂದ ಈಚಿನ ವಿಜ್ಞಾನಿಗಳು ಶಿಲೀಂಧ್ರದ ಡಿಎನ್‌ಎ ತೆಗೆದರು. ಗೋಧಿಯ ಎಲೆಗೆ ರೋಗ ತರುವ ಎರಡು ಶಿಲೀಂಧ್ರಗಳಲ್ಲಿ ಯಾವುದರ ಕೈ ಮೇಲಾಗುತ್ತದೆ ಅನ್ನುವುದು ಗಾಳಿಯಲ್ಲಿನ ಗಂಧಕದ ಮಾಲಿನ್ಯದ ಏರಿಳಿತದ ಜೊತೆಗೇ ಬದಲಾಗುತ್ತಾ ಬಂದಿದೆ ಅಂತ 2005ರಲ್ಲಿ ತೋರಿಸಿದರು. ಇದನ್ನು ಮೊದಲು ಓದಿದಾಗ ನನಗಾದ ರೋಮಾಂಚನ ಈಗಲೂ ಕಡಿಮೆಯಾಗಿಲ್ಲ. ಮಾದರಿಯ ಮೇಲೆ ಶ್ರದ್ಧೆಯಿಂದ ತಾರೀಖು ಬರೆದಿಟ್ಟ ಒಬ್ಬ ಸಹಾಯಕನ ಕೆಲಸ ನೂರೈವತ್ತು ವರ್ಷದ ನಂತರ, ಅವನು ಊಹಿಸಿಯೂ ಇರದ ಪ್ರಶ್ನೆಗೆ ಉತ್ತರ ಕೊಟ್ಟಿತು.

ಹೀಗಿರುವಾಗ ಪ್ರಾಕ್ಟಿಕಲ್ ರೆಕಾರ್ಡ್‌ಗಳನ್ನು ಸೀನಿಯರ್‌ಗಳ ಪುಸ್ತಕ ನೋಡಿ ನಕಲು ಮಾಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಗಿಡದ ಎತ್ತರ, ತೆನೆಯ ಸಂಖ್ಯೆ, ಸಾವಿರ ಕಾಳಿನ ತೂಕ ಎಲ್ಲವೂ ಕಳೆದ ವರ್ಷದ್ದೇ. ತಪ್ಪು ಬರೀ ವಿದ್ಯಾರ್ಥಿಗಳದ್ದಲ್ಲ. ತಾಕಿನಲ್ಲಿ ಬೆಳೆ ಸೊರಗಿದರೆ ಅಂಕ ಕಡಿಮೆ, ಪುಸ್ತಕದಲ್ಲಿರುವಂಥ ಇಳುವರಿ ತೋರಿಸಿದರೆ ಅಂಕ ಜಾಸ್ತಿ ಅನ್ನುವ ಕಡೆ ಯಾವ ಹುಡುಗ, ಯಾವ ಹುಡುಗಿ ನಿಜ ಬರೆಯುತ್ತಾರೆ? ಮೊಳಕೆ ಯಾಕೆ ಅರ್ಧಕ್ಕರ್ಧ ಬರಲಿಲ್ಲ ಅಂತ ಮಣ್ಣು ಕೆದಕಿ ನೋಡಿ, ಬೀಜ ಆಳಕ್ಕೆ ಬಿದ್ದಿತ್ತೋ, ಮೇಲೆ ಮಣ್ಣು ಹೆಪ್ಪುಗಟ್ಟಿತ್ತೋ, ಕೊಳೆತಿತ್ತೋ ಅಂತ ಬರೆದ ವಿದ್ಯಾರ್ಥಿಗೆ ನಾನಾದರೆ ಪೂರ್ತಿ ಅಂಕ ಕೊಡುತ್ತೇನೆ. ಸಸ್ಯರೋಗಶಾಸ್ತ್ರವೂ ಬೆಳೆಶರೀರಕ್ರಿಯೆಯೂ ತಲೆಗೆ ಇಳಿಯುವುದು ಹಾಗೆ ಕೆದಕಿದಾಗ.

'ಎನ್.ಎಸ್.' (ನಾನ್ ಸಿಗ್ನಿಫಿಕೆಂಟ್) ಅಂತ ಟೇಬಲ್‌ನಲ್ಲಿ ಬಂದ ತಕ್ಷಣ ಮುಖ ಸಪ್ಪಗಾಗುವುದೂ ಬಿಡಬೇಕು. ವ್ಯತ್ಯಾಸ ಇಲ್ಲವೇ ಇಲ್ಲ ಅಂತ ಅದರ ಅರ್ಥವಲ್ಲ, ಈ ಪ್ರಯೋಗಕ್ಕೆ ಅದನ್ನು ತೋರಿಸಲಾಗಲಿಲ್ಲ ಅಂತಷ್ಟೇ. ತಾಕುಗಳು ಕಡಿಮೆಯಿದ್ದವೇ, ಬ್ಲಾಕ್ ಅಡ್ಡಾದಿಡ್ಡಿಯಾಗಿತ್ತೇ ಅಂತ ಹಿಂದಿರುಗಿ ನೋಡಬೇಕು. ಹಾಗೆಯೇ, ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ ಶೇಕಡಾ 5ಕ್ಕಿಂತ ಕಡಿಮೆಯಿರಬೇಕು ಅನ್ನುವ ಗೆರೆಯೂ ದೇವರು ಬರೆದದ್ದಲ್ಲ. ಇಪ್ಪತ್ತರಲ್ಲಿ ಒಂದು ಸಲ ಅನ್ನುವುದನ್ನು ಅನುಕೂಲದ ಮಿತಿಯಾಗಿ ಫಿಶರ್ 1926ರ ತಮ್ಮ ಲೇಖನದಲ್ಲಿ ಬಳಸಿದರು. ಆ ಗೆರೆ ದಾಟಿದ ಎರಡು ಪರ್ಸೆಂಟ್ ಇಳುವರಿಗಾಗಿ ಬೆಳೆಗಾರರು ಕೈಯಿಂದ ಎಷ್ಟು ಖರ್ಚು ಮಾಡಬೇಕು ಅನ್ನುವುದನ್ನು ಯಾವ ಎಫ್ ವ್ಯಾಲ್ಯೂವೂ ಹೇಳುವುದಿಲ್ಲ. ಅದಕ್ಕೆ ಕೃಷಿ ಅರ್ಥಶಾಸ್ತ್ರ ಓದಿರಬೇಕು.

ಈ ಪದವಿಗೆ ಸೇರಬೇಕು ಅಂತಿರುವ ತಮ್ಮಂದಿರು, ತಂಗಿಯರು ಕಾಲೇಜು ನೋಡಲು ಹೋದಾಗ ಕಟ್ಟಡ ಕಡೆಗೆ ನೋಡಿ. ಮೊದಲು ಬೆಳೆ ನಿಂತಿರುವ ಕಾಲಕ್ಕೆ ಹೋಗಿ ಪ್ರಯೋಗದ ತಾಕುಗಳನ್ನು ತೋರಿಸಿ ಅಂತ ಕೇಳಿ. ತಾಕಿನ ಗೂಟ, ಲೇಬಲ್ ಜಾಗದಲ್ಲಿವೆಯಾ, ಕಂಟ್ರೋಲ್ (ಹೋಲಿಕೆಗೆ ಏನೂ ಹಾಕದೆ ಬಿಟ್ಟ ತಾಕು) ಯಾವುದು ಅಂತ ಕೇಳಿದರೆ ಅಲ್ಲಿನ ವಿದ್ಯಾರ್ಥಿಗಳೇ ಕೈ ತೋರಿಸಿ ಹೇಳುತ್ತಾರಾ, ತಾಕು ಅಳೆದು ದಾರ ಕಟ್ಟುವುದು ವಿದ್ಯಾರ್ಥಿಗಳೋ ಕೆಲಸದವರೋ, ಕೈಕೊಟ್ಟ ಪ್ರಯೋಗದ ರೆಕಾರ್ಡ್ ಒಂದನ್ನಾದರೂ ಇಟ್ಟುಕೊಂಡಿದ್ದಾರಾ ಅಂತ ವಿಚಾರಿಸಿ. ಈಗಾಗಲೇ ಓದುತ್ತಿರುವವರಾದರೆ ಈ ಸಲದ ಬಿತ್ತನೆಗೆ ಮುಂಚೆ ನಿಮ್ಮ ಮೇಷ್ಟ್ರನ್ನೋ ಮೇಡಂ ಅವರನ್ನೋ ಕೇಳಿ, ತಾಕುಗಳ ಚೀಟಿಯನ್ನು ನೀವೇ ಎತ್ತಿ. ಗೊಬ್ಬರ ಹಾಕದ ತಾಕಿಗೆ ಯಾರಾದರೂ ಕನಿಕರಪಟ್ಟು ಒಂದು ಹಿಡಿ ಯೂರಿಯಾ ಎರಚಲು ಬಂದರೆ ದಯವಿಟ್ಟು ತಡೆಯಿರಿ.